ಇಲ್ಲ, ನನಗೆ ಜಪಾನೀ ಭಾಷೆ ಬರುವುದಿಲ್ಲ

ಬರುವುದಿಲ್ಲ. ಕಲಿಯುವ ಯೋಚನೆಯೂ ಇಲ್ಲ. "ಮತ್ತೆ ಆ ಸಿಟಿ ಪಾಪ್ ಹಾಡುಗಳನ್ನು ಯಾಕೆ ಕೇಳುತ್ತೀಯ?" ಎಂದು ಕೇಳಿದವರಿಗೆಲ್ಲ ಉತ್ತರ ಹೇಳಿ ಬಾಯಿ ನೋಯುತ್ತಿದೆ. (ಸಿಟಿ ಪಾಪ್ ಎಂದರೆ ಎಪ್ಪತ್ತು, ಎಂಬತ್ತರ ದಶಕಗಳ ಜಪಾನಿನ ನಗರಗಳ ಪಾಪ್ ಸಂಗೀತ.) ಇನ್ನು ಮುಂದೆ ಇದನ್ನೇ ಓದಿಕೊಳ್ಳಿ.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ನನ್ನನ್ನು ಕೆರಳಿಸುತ್ತದೆ. ಗೃಹಪ್ರವೇಶದ ಊಟವೊಂದರಲ್ಲಿ ದೊಡ್ಡಪ್ಪ ಪಂಕ್ತಿಯ ಆ ತುದಿಯಿಂದ ಕೂಗಿದರು: "ಏನೋ, ಆ ಜಪಾನಿನ ಹಾಡು ಒಂದಕ್ಷರವಾದರೂ ಅರ್ಥವಾಗುತ್ತದೆಯೇನೋ?" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಇದೇ ದೊಡ್ಡಪ್ಪ ರಾಮನವಮಿ ಬಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಕುಳಿತು ತ್ಯಾಗರಾಜರ ಕೃತಿಗಳಿಗೆ ತೊಡೆಯ ಮೇಲೆ ತಾಳ ಹಾಕುತ್ತಾರೆ. ಅವರಿಗೆ ತೆಲುಗು ಎಷ್ಟು ಬರುತ್ತದೆ ಎಂಬುದು ಕರ್ನೂಲಿನ ನಮ್ಮ ಬೀಗರಿಗೆ ಚೆನ್ನಾಗಿ ಗೊತ್ತು. ಅದನ್ನು ಅಲ್ಲೇ ಹೇಳಬಹುದಿತ್ತು, ಬಾಯಲ್ಲಿ ಹಪ್ಪಳವಿತ್ತು.

ಅಷ್ಟಕ್ಕೂ ಆವತ್ತು ನನ್ನ ಮೊಬೈಲಿನಲ್ಲಿ ಕೇಳಿಸುತ್ತಿದ್ದುದು ಇಂಗ್ಲಿಷ್ ಹಾಡು! ಕ್ಯಾಲಿಫೋರ್ನಿಯಾದ ಕ್ಯಾಮರಾನ್ ಲ್ಯೂ ಎಂಬಾತ ಜಿಂಜರ್ ರೂಟ್ ಎಂಬ ಹೆಸರಿನಲ್ಲಿ 2024ರಲ್ಲಿ ಹೊರತಂದ 'ಶಿನ್‌ಬಂಗುಮಿ' ಆಲ್ಬಮ್ ಅದು. ಧಾಟಿ ಎಂಬತ್ತರ ದಶಕದ ಟೋಕಿಯೊದ್ದು, ಮಾತು ಹೆಚ್ಚಿನ ಕಡೆ ಇಂಗ್ಲಿಷಿನದು. ವೇದಿಕೆಯ ಮೇಲೆ ಈತ ಹಳೆಯ ಟೆಲಿಫೋನ್ ರಿಸೀವರ್ ಹಿಡಿದು ಹಾಡುತ್ತಾನೆ. ಆಲ್ಬಮ್ಮಿನಲ್ಲೂ ದನಿ ಹಿಂದಿನ ಕಾಲದ ಟ್ರಂಕ್ ಕಾಲ್‌ನಂತೆ ಕೇಳಿಸುವುದರಿಂದ ಇಂಗ್ಲಿಷ್ ಬಂದರೂ ದೊಡ್ಡ ಪ್ರಯೋಜನವಿಲ್ಲ. "ಇದು ಲಿಫ್ಟಿನಲ್ಲಿ ಹಾಕುವ ಸಂಗೀತ" ಎಂದು ಅಣ್ಣನ ಮಗಳು ಮೂಗು ಮುರಿದಳು. ಲ್ಯೂ ತನ್ನ ಶೈಲಿಯನ್ನು ತಾನೇ 'ಅಗ್ರೆಸಿವ್ ಎಲಿವೇಟರ್ ಸೋಲ್' (ಎಲಿವೇಟರ್ ಎಂದರೆ ಲಿಫ್ಟೇ; ಸೋಲ್ ಅಮೆರಿಕದ ಒಂದು ಸಂಗೀತ ಪ್ರಕಾರ) ಎಂದು ಕರೆದುಕೊಂಡಿದ್ದಾನೆ ಎಂದು ತಿಳಿಸಿದ ಮೇಲೆ ಸುಮ್ಮನಾದಳು.

ತಾನು ಹುಟ್ಟುವುದಕ್ಕೂ ಮೊದಲಿನ ಟೋಕಿಯೊ ಈ ಅಮೆರಿಕದ ಹುಡುಗನಿಗೆ ಏಕೆ ಬೇಕು? ಇದನ್ನು ಮಾತ್ರ ಯಾರೂ ಕೇಳುವುದಿಲ್ಲ. ಆಲ್ಬಮ್ಮಿನ ಕಥೆ ನಡೆಯುವುದು 1987ರಲ್ಲಿ: ಟಿವಿ ಸಂಸ್ಥೆಯ ಕೆಲಸ ಕಳೆದುಕೊಂಡವನು ತನ್ನದೇ ಚಾನೆಲ್ ಕಟ್ಟಲು ಹೊರಡುತ್ತಾನೆ. (ವಿಡಿಯೊಗಳಲ್ಲಿ ಈ ಕಥೆ ಕೊಂಚ ಅತಿಯಾಯಿತು. ಕಣ್ಣು ಮುಚ್ಚಿ ಕೇಳಿದರೆ ಆಲ್ಬಮ್ ಇನ್ನೂ ಚೆನ್ನಾಗಿದೆ.) ನಕಲು ಎನ್ನುವವರು ಮೂಲ ಎಲ್ಲಿಯದೆಂದು ನೋಡಲಿ. ಸಿಟಿ ಪಾಪ್‌ಗೆ ದಾರಿ ಮಾಡಿಕೊಟ್ಟ ಜಪಾನಿನ ಹ್ಯಾಪಿ ಎಂಡ್ ತಂಡ 1973ರ ತನ್ನ ಮೂರನೆಯ ಆಲ್ಬಮ್ ಧ್ವನಿಮುದ್ರಿಸಿದ್ದು ಲಾಸ್ ಏಂಜಲೀಸಿನಲ್ಲಿ. ಸಿಟಿ ಪಾಪ್ ಗಾಯಕ ತತ್ಸುರೊ ಯಮಶಿತಾ 1976ರ ತನ್ನ ಮೊದಲ ಸ್ವಂತ ಆಲ್ಬಮ್ಮಿಗೆ ಹೋದದ್ದು ನ್ಯೂಯಾರ್ಕಿಗೆ, ಅಲ್ಲಿಂದ ಲಾಸ್ ಏಂಜಲೀಸಿಗೆ. ಗಾಯಕಿ ಮರಿಯಾ ತಕೆಉಚಿಯ 'ಪ್ಲಾಸ್ಟಿಕ್ ಲವ್' ಹಾಡು ಎಂದೊಡನೆ ಯೂಟ್ಯೂಬಿನಲ್ಲಿ ಕಾಣುತ್ತಿದ್ದ ಆಕೆಯ ನಗುಮುಖದ ಕಪ್ಪುಬಿಳುಪು ಚಿತ್ರವನ್ನು ತೆಗೆದವನೂ ಲಾಸ್ ಏಂಜಲೀಸಿನ ಛಾಯಾಗ್ರಾಹಕ. ಅಮೆರಿಕದ ಸೋಲ್, ಫಂಕ್ ಸಂಗೀತಗಳನ್ನು ಜಪಾನ್ ಕೊಂಡೊಯ್ದು ತನ್ನ ರುಚಿಗೆ ಒಗ್ಗಿಸಿಕೊಂಡಿತು; ಈಗ ಕ್ಯಾಲಿಫೋರ್ನಿಯಾದವನೊಬ್ಬ ಅದನ್ನು ವಾಪಸು ತರುತ್ತಿದ್ದಾನೆ. ಇದರಲ್ಲಿ ಕಳ್ಳ ಯಾರು?

ಅವನು ತರಲಾಗದಿರುವುದು ಒಂದಿದೆ: ದುಡ್ಡು. ಆಗಿನ ಜಪಾನಿನ ರೆಕಾರ್ಡ್ ಕಂಪನಿಗಳು ಒಂದು ಹಾಡಿಗೆ ಪಿಟೀಲುಗಳ ಸಾಲು, ಕಹಳೆಗಳ ಗುಂಪು, ನುರಿತ ಸ್ಟುಡಿಯೊ ವಾದಕರು, ಎಲ್ಲವನ್ನೂ ಒದಗಿಸುತ್ತಿದ್ದವು. ತೊಂಬತ್ತರ ದಶಕದ ಆರಂಭದಲ್ಲಿ ಷೇರು, ಭೂಮಿಗಳ ಬೆಲೆ ಕುಸಿದ ಮೇಲೆ ಆ ಧಾರಾಳತನ ಉಳಿಯಲಿಲ್ಲ. ಲ್ಯೂ ಬಹುಪಾಲು ವಾದ್ಯಗಳನ್ನು ಒಬ್ಬನೇ ನುಡಿಸುತ್ತಾನೆ. ಅದರ ಬಡತನ ಕೇಳಿಸುತ್ತದೆ, ಅದರ ಚುರುಕೂ ಕೇಳಿಸುತ್ತದೆ. ಆ ಬೇಸ್ ಗಿಟಾರ್ ಹಾಡಿನ ಕೆಳಗೆ ತೆಪ್ಪಗೆ ಕೂರುವುದಿಲ್ಲ, ಹಾಡುಗಾರನ ಜೊತೆ ಜಗಳಕ್ಕೇ ನಿಲ್ಲುತ್ತದೆ. ನಾನು ಕೇಳುವುದು ಅದನ್ನು. ಅದಕ್ಕೆ ನಿಘಂಟು ಬೇಕಿಲ್ಲ.

ಮೂಲವೇ ಬೇಕು ಎನ್ನುವ ಶುದ್ಧಾಚಾರದವರಿಗೆ, ಯಮಶಿತಾರ 1982ರ 'ಫಾರ್ ಯೂ' 2023ರಲ್ಲಿ ವಿನೈಲ್ ತಟ್ಟೆಯಾಗಿ, ಕ್ಯಾಸೆಟ್ಟಾಗಿ ಮತ್ತೆ ಬಂದಿದೆ. ಟೇಪ್ ರೆಕಾರ್ಡರ್ ನೀವೇ ಹುಡುಕಿಕೊಳ್ಳಬೇಕು.