ಕಟ್ಟು ಹಾಕಿದ ಕೈಗೆ ಆಚೆ ಕೈಯ ಪಾಠ

ಹೋದ ಮಳೆಗಾಲದಲ್ಲಿ ಅಮ್ಮ ಅಂಗಳದ ಪಾಚಿ ಮೇಲೆ ಜಾರಿ ಬಿದ್ದರು. ಎಡಗೈ ಮಣಿಕಟ್ಟು ಮುರಿಯಿತು, ಆರು ವಾರ ಪ್ಲಾಸ್ಟರ್. ಇಲ್ಲೇ ಚಿಕ್ಕಮಗಳೂರಿನಲ್ಲಿ ತೋರಿಸಿದ ಫಿಸಿಯೋ ಮೊದಲ ದಿನವೇ, "ಅಮ್ಮಾ, ಬಲಗೈಯಲ್ಲಿ ದಿನಾ ಈ ಬಾಲ್ ಹಿಂಡಿ, ಗಟ್ಟಿಯಾಗಿ" ಅಂದರು. ಅಮ್ಮ ನನ್ನ ಮುಖ ನೋಡಿದರು. "ಮುರಿದಿರೋದು ಎಡಗೈ ಅಲ್ವಾ?"

ನನಗೂ ಅದೇ ಅನ್ನಿಸಿತ್ತು. ಮನೆಗೆ ಬಂದು ಓದಿದರೆ ಇದು ಹಳೇ ವಿಷಯ. 1894ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಕ್ರಿಪ್ಚರ್ ಎಂಬುವರು ಒಂದೇ ಕೈಗೆ ಅಭ್ಯಾಸ ಮಾಡಿಸಿ ನೋಡಿದ್ದರು. ಸುಮ್ನೆ ಇದ್ದ ಕೈಗೂ ಬಲ ಬಂದಿತ್ತು! ಆ ಕೈ ಕೆಲಸವನ್ನೇ ಮಾಡಿಲ್ಲ, ಸ್ನಾಯು ದಪ್ಪ ಆಗಿಲ್ಲ, ಅಂದರೆ ಬದಲಾದದ್ದು ನರಗಳ ದಾರಿ. ಹೊಸದಾಗಿ ಜಿಮ್‌ಗೆ ಹೋಗುವವರಿಗೂ ಮೊದಲ ಕೆಲವು ವಾರ ಬರುವ ಬಲ ಜಾಸ್ತಿ ನರಗಳದ್ದೇ, ತೋಳು ಉಬ್ಬುವುದು ಆಮೇಲೆ.

ಮೆದುಳಿನಿಂದ ಕೈಕಾಲಿಗೆ ಇಳಿಯುವ ದಾರಿ ಒಂದೇ ಅಲ್ಲ. ಮೆದುಳಿನ ಮೇಲ್ಪದರದಿಂದ ನೇರ ಬೆನ್ನುಹುರಿಗೆ ಬರುವ ದಾರಿ ಒಂದು. ಅದರ ಬಹುಪಾಲು ಎಳೆಗಳು ದಾರಿಯಲ್ಲೇ ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ದಾಟುತ್ತವೆ. ಹೂ ಕಟ್ಟುವುದು, ರಂಗೋಲಿ ಎಳೆ ಬಿಡುವುದು, ಇಂಥ ಬೆರಳಿನ ನಾಜೂಕು ಕೆಲಸಕ್ಕೆ ಈ ದಾರಿ ಬೇಕೇ ಬೇಕು, ಹೊಸ ಕೈಚಳಕ ಕಲಿಯುವಾಗ ಚುರುಕಾಗುವುದೂ ಇದೇ. ಇನ್ನೊಂದು ಮೆದುಳಿನ ಬುಡದಿಂದ ಹೊರಟು ದೇಹದ ಎರಡೂ ಪಕ್ಕಕ್ಕೆ ಕವಲೊಡೆಯುತ್ತದೆ. ಬ್ರಿಟನ್ನಿನ ನ್ಯೂಕ್ಯಾಸಲ್‌ನಲ್ಲಿ ಕೋತಿಗಳಿಗೆ ಒಂದೇ ಕೈಯಲ್ಲಿ ಭಾರ ಎಳೆಯಲು ಕಲಿಸಿ, 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಭ್ಯಾಸದಿಂದ ಹೆಚ್ಚು ಬಲಗೊಂಡಂತೆ ಕಂಡದ್ದು ಈ ಬುಡದ ದಾರಿ. ಎರಡೂ ಪಕ್ಕಕ್ಕೆ ಹೋಗುವ ದಾರಿ ಆದ್ದರಿಂದ ಒಂದು ಕೈಯ ಅಭ್ಯಾಸ ಆಚೆ ಕೈಗೂ ತಲುಪಬಹುದು ಅನ್ನಿಸಿ, ಬಾಲ್ ಹಿಂಡುವುದರ ಬಗ್ಗೆ ನನಗೆ ನಂಬಿಕೆ ಬಂತು.

ಅಮ್ಮ ಆರು ವಾರವೂ ಬಿಡದೆ ಹಿಂಡಿದರು. ಪ್ಲಾಸ್ಟರ್ ಬಿಚ್ಚಿದ ದಿನ ಕೈ ಬಿಗಿದಿತ್ತು, ಚರ್ಮ ಸುಲಿಯುತ್ತಿತ್ತು, ಆದರೂ ನೀರು ತುಂಬಿದ ಚೊಂಬನ್ನು ಎತ್ತಿದರು. ಅದರಲ್ಲಿ ಬಾಲಿನ ಪಾಲು ಎಷ್ಟು ಅಂತ ಅಳೆದು ಹೇಳಲು ಆಗದು. ನನಗಂತೂ ಕಣ್ಣು ತುಂಬಿತು.

ಆದರೆ ಅಮ್ಮ ಬಿದ್ದದ್ದು ಕೈಯಲ್ಲಿ ಬಲ ಇಲ್ಲದೆ ಅಲ್ಲ, ಕಾಲು ತಪ್ಪಿ. ಅದಕ್ಕೆ ಬೇಕಾದ ವ್ಯಾಯಾಮವೇ ಬೇರೆ. ಒಂಟಿ ಕಾಲಲ್ಲಿ ನಿಲ್ಲುವಂಥ ಅಭ್ಯಾಸ ಮಾಡ್ತಾ ಮಾಡ್ತಾ ಬೆನ್ನುಹುರಿ ತಾನಾಗಿ ಕೊಡುವ ಒರಟು ಎಳೆತ ಕಡಿಮೆ ಆಗಿ, ನಿಲುವನ್ನು ಮೇಲಿನಿಂದ ಮೆದುಳೇ ಹೆಚ್ಚು ಸೂಕ್ಷ್ಮವಾಗಿ ತಿದ್ದತೊಡಗುತ್ತದೆ. ಬೆಳಿಗ್ಗೆ ರತ್ನಗಿರಿ ಬೋರೆಯಲ್ಲಿ ನಡೆಯುವುದು ಹೃದಯಕ್ಕೆ, ಮೆದುಳಿಗೆ ಒಳ್ಳೆಯದೇ, ಆದರೆ ಬರೀ ನಡಿಗೆಯಿಂದ ಈ ಪಾಠ ಪೂರ್ತಿ ಆಗುವುದಿಲ್ಲ.

ಹಾಗಾಗಿ ಈಗ ಕಾಫಿ ಸೋಸುವಷ್ಟು ಹೊತ್ತು ಅಮ್ಮ ಅಡುಗೆಮನೆ ಕಟ್ಟೆಗೆ ಒಂದು ಬೆರಳು ತಾಗಿಸಿ ಒಂಟಿ ಕಾಲಲ್ಲಿ ನಿಲ್ಲುತ್ತಾರೆ. ನಾನು ಪಕ್ಕದಲ್ಲೇ ಇರುತ್ತೇನೆ.