ಉಪ್ಪುಗಾಳಿಯಲ್ಲಿ ಉಕ್ಕು: ಪಿಸ್ತೂಲು ಫಿನಿಶ್‌ಗಳ ಪರೀಕ್ಷೆ, ಬೇಶದಿಂದ ಸೋಣದವರೆಗೆ

ಮಂಗಳೂರಿನ ತಣ್ಣೀರುಬಾವಿಯ ಮನೆಯ ಮಾಡಿನಡಿ ಉಕ್ಕಿನ ಪಟ್ಟಿಗಳ ಮೇಲೆ ಪರೀಕ್ಷೆಗಿಟ್ಟ ಫಿನಿಶ್‌ಗಳಲ್ಲಿ, ಅಂದರೆ ತುಕ್ಕು ತಡೆಯಲು ಉಕ್ಕಿಗೆ ಕೊಡುವ ಹೊರಪದರಗಳಲ್ಲಿ, ಎರಡು ಈಗಾಗಲೇ ಸೋತಿವೆ. ಒಂದು ನಾನು ಎಣಿಸದಷ್ಟು ಚೆನ್ನಾಗಿ ನಿಂತಿದೆ. ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ, ಆದರೂ ಇಲ್ಲಿಯವರೆಗೆ ಕಂಡದ್ದನ್ನು ತುಳು ತಿಂಗಳುಗಳ ಲೆಕ್ಕದಲ್ಲಿ ಬರೆದಿಡುತ್ತೇನೆ: ಬೇಶ ಏಪ್ರಿಲ್ ನಡುವಿಗೆ ಶುರು, ಆಮೇಲೆ ಕಾರ್ತೆಲ್, ಜುಲೈ ನಡುವಿನಿಂದ ಆಟಿ, ಆಗಸ್ಟ್ ನಡುವಿನಿಂದ ಸೋಣ. ಕರಾವಳಿಯಲ್ಲಿ ಲೈಸನ್ಸ್ ಇರುವ ರಿವಾಲ್ವರ್, ಪಿಸ್ತೂಲು, ತೋಟದ ಕೋವಿ ಇಟ್ಟುಕೊಂಡ ಎಲ್ಲರಿಗೂ ತುಕ್ಕಿನ ಚಿಂತೆ ಒಂದೇ.

ಇದು ಶುರುವಾದದ್ದು ಚಿಕ್ಕಪ್ಪನ ರಿವಾಲ್ವರಿನಿಂದ. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ .32 ಅದು. ಬೆಳ್ತಂಗಡಿ ಕಡೆಯ ತೋಟದ ಮನೆಯಲ್ಲಿದೆ. ನಳಿಗೆಯ ತುದಿ ಮತ್ತು ಹಿಡಿಯ ಬೆನ್ನಿನಲ್ಲಿ ಬ್ಲೂಯಿಂಗ್, ಅಂದರೆ ಉಕ್ಕಿಗೆ ಕೊಟ್ಟ ನೀಲಿಗಪ್ಪು ಪದರ, ಪೂರ್ತಿ ಹೋಗಿ ಬಿಳಿ ಉಕ್ಕು ಕಾಣುತ್ತದೆ. ಅವರ ಬೇಡಿಕೆ ಸರಳ: "ಬಣ್ಣ ಎಂತದಾದರೂ ಆಗಲಿ ಮಾರಾಯಾ, ಮುಂದಿನ ಮಳೆಗಾಲಕ್ಕೆ ಕೈಗೆ ತುಕ್ಕು ಅಂಟಬಾರದು." ನನಗೆ ಬಣ್ಣವೂ ಬೇಕು. ರಿವಾಲ್ವರನ್ನು ನಾನು ಬಿಚ್ಚುವುದೂ ಇಲ್ಲ, ಅದಕ್ಕೆ ಬಣ್ಣ ಹಾಕುವುದೂ ಇಲ್ಲ. ಅದು ಪರವಾನಗಿ ಇರುವ ಗನ್‌ಸ್ಮಿತ್ ಮಾಡಬೇಕಾದ ಕೆಲಸ. ನನ್ನ ಕೆಲಸ ಏನಿದ್ದರೂ ಪಟ್ಟಿಗಳ ಮೇಲೆ.

ಬೇಶ

ಬೈಕಂಪಾಡಿಯ ನಮ್ಮ ಲೇತ್ ಶೆಡ್ಡಿನಲ್ಲಿ ಶಾಫ್ಟ್ ಮಾಡಿ ಉಳಿದ ಇಎನ್ 19 ತುಂಡುಗಳಿದ್ದವು. ಇದು ಕ್ರೋಮಿಯಂ, ಮಾಲಿಬ್ಡಿನಮ್ ಸೇರಿದ ಉಕ್ಕು. ಅಮೆರಿಕದವರು ಪಿಸ್ತೂಲಿಗೆ ಬಳಸುವ 4140ಕ್ಕೆ ಹತ್ತಿರದ್ದು. ಪ್ರತಿ ಪಟ್ಟಿಯ ಅರ್ಧವನ್ನು ಎಮರಿ ಹೊಡೆದು ಬಫ್ ಮಾಡಿದೆ, ಉಳಿದರ್ಧಕ್ಕೆ ಸ್ಯಾಂಡ್ ಬ್ಲಾಸ್ಟಿಂಗ್. ಎರಡು ಮೂಲೆ ಚೂಪಾಗಿಯೇ ಬಿಟ್ಟೆ, ಎರಡನ್ನು ಫೈಲಿನಿಂದ ದುಂಡಗೆ ಮಾಡಿದೆ. ಫಿನಿಶ್ ಆಗಿ ಬಂದ ಮೇಲೆ ಕಾರ್ಬೈಡ್ ತುದಿಯಿಂದ ಉಕ್ಕು ಕಾಣುವವರೆಗೆ ಅಡ್ಡಡ್ಡ ಎರಡು ಗೀರು ಎಳೆದೆ. ತೂಗುಹಾಕಿದ್ದು ಗಾಳದ ನೈಲಾನ್ ದಾರದಲ್ಲಿ. ತಂತಿಯಾದರೆ ಎರಡು ಲೋಹ ತಾಗಿ ಅಲ್ಲೇ ಬೇರೆ ತುಕ್ಕು ಶುರುವಾಗುತ್ತದೆ.

ಸರದಿಯಲ್ಲಿ ಇರುವವು: ಇಲ್ಲಿನ ವರ್ಕ್‌ಶಾಪಿನವರು ಬ್ಲ್ಯಾಕೋಡೈಸಿಂಗ್ ಅನ್ನುವ ಹಾಟ್ ಬ್ಲೂಯಿಂಗ್, ಬಾಟಲಿಯ ಕೋಲ್ಡ್ ಬ್ಲೂ, ಮ್ಯಾಂಗನೀಸ್ ಫಾಸ್ಫೇಟ್, ಕರೆಂಟ್ ಇಲ್ಲದೆ ಲೇಪಿಸುವ ಎಲೆಕ್ಟ್ರೋಲೆಸ್ ನಿಕ್ಕಲ್, ಹಾರ್ಡ್ ಕ್ರೋಮ್, ಕರಗಿದ ಉಪ್ಪಿನ ತೊಟ್ಟಿಯಲ್ಲಿ ಅದ್ದುವ ಸಾಲ್ಟ್ ಬಾತ್ ನೈಟ್ರೈಡಿಂಗ್, ಕಾಯಿಸುವ ಸೆರಾಮಿಕ್ ಪೇಂಟ್, ಜೊತೆಗೆ ಬಣ್ಣ ಇಲ್ಲದ ಒಂದು 416 ಸ್ಟೇನ್‌ಲೆಸ್ ತುಂಡು. ಕ್ರೋಮ್ ಮತ್ತು ನೈಟ್ರೈಡಿಂಗ್ ಬೆಂಗಳೂರಿನಲ್ಲಿ ಮಾಡಿಸಿದ್ದು. ಕ್ರೋಮ್ ತೊಟ್ಟಿಯ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವ ವಿಷ, ನೈಟ್ರೈಡಿಂಗ್ ಉಪ್ಪು 580 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿರುತ್ತದೆ. ಶೆಡ್ಡಿನಲ್ಲಿ ಆಡುವ ಆಟವಲ್ಲ ಅವು. ರಸ್ಟ್ ಬ್ಲೂಯಿಂಗನ್ನು ಮಾತ್ರ ಬೇಕೆಂದೇ ಆಟಿಗೆ ಇಟ್ಟುಕೊಂಡೆ.

ಕಾರ್ತೆಲ್

ಮೊದಲು ಸೋತದ್ದು ಕೋಲ್ಡ್ ಬ್ಲೂ. ಉಕ್ಕಿನ ಮೇಲೆ ಕುಳಿತ ಸೆಲೆನಿಯಂ ಮತ್ತು ತಾಮ್ರದ ತೆಳು ಪದರವೇ ಅದರ ಬಣ್ಣ. ಚರ್ಮದ ತುಂಡಿನಿಂದ ಉಜ್ಜಿದರೆ ಚೂಪು ಮೂಲೆ ಬೋಳಾಗುತ್ತದೆ. ಮೊದಲ ಜೋರು ಮಳೆಯ ವಾರದಲ್ಲೇ ಪಟ್ಟಿ ಪೂರ್ತಿ ಕೆಂಪಾಯಿತು. ಸಣ್ಣ ಗೀರು ಮುಚ್ಚಲು ಸಾಕು, ಅಷ್ಟೆ.

ಹಾಟ್ ಬ್ಲೂ ವಿಷಯ ಬೇರೆ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟಿನ ಕುದಿಯುವ ದ್ರಾವಣದಲ್ಲಿ, 140 ಡಿಗ್ರಿ ಆಸುಪಾಸಿನಲ್ಲಿ, ಉಕ್ಕಿನ ಮೇಲ್ಮೈಯೇ ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ಆಗಿ ಬದಲಾಗುತ್ತದೆ. ಬಫ್ ಮಾಡಿದ ಅರ್ಧ ನೀಲಿ ಬೆರೆತ ಆಳವಾದ ಕಪ್ಪು, ಬ್ಲಾಸ್ಟ್ ಮಾಡಿದ ಅರ್ಧ ಹೊಳಪಿಲ್ಲದ ಮಸಿ. ತೊಟ್ಟಿ ಒಂದೇ, ನೋಟ ಎರಡು. 1955ರಲ್ಲಿ ಬಂದ ಕೋಲ್ಟ್ ಪೈಥಾನ್ ರಿವಾಲ್ವರಿನ ರಾಯಲ್ ಬ್ಲೂ ಫಿನಿಶ್ ಅಷ್ಟು ಹೆಸರಾದದ್ದು ಮುಖ್ಯವಾಗಿ ಪಾಲಿಶ್ ಹಿಡಿದ ಕೈಗಳಿಂದ ಎಂದು ಈ ಪಟ್ಟಿ ನೋಡಿದ ಮೇಲೆ ನನಗೆ ಗಟ್ಟಿಯಾಯಿತು. ಆದರೆ ಪದರ ಒಂದೆರಡು ಮೈಕ್ರಾನ್ ಮಾತ್ರ, ತುಕ್ಕು ತಡೆಯುವ ಶಕ್ತಿ ಅದರೊಳಗೆ ಹಿಡಿದ ಎಣ್ಣೆಯದ್ದು. ಎಣ್ಣೆ ಹಚ್ಚಿದ ಪಟ್ಟಿ ನಿಂತಿತು. ಪೆಟ್ರೋಲಿನಲ್ಲಿ ತೊಳೆದು ತೂಗುಹಾಕಿದ ಅದರ ಜೋಡಿ, ಚಿಕ್ಕಪ್ಪನ ರಿವಾಲ್ವರಿನ ಬೆನ್ನಿನ ಹಾಗೆಯೇ ಆಯಿತು.

ಅದಕ್ಕೆ ಕಾರಣ ನಮ್ಮ ಗಾಳಿಯಲ್ಲೇ ಉಂಟು. ಅಡುಗೆ ಉಪ್ಪು ಗಾಳಿಯ ತೇವ ಶೇಕಡಾ 75 ದಾಟಿದರೆ ನೀರು ಎಳೆದುಕೊಂಡು ತಾನೇ ಕರಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಹಾಗಾಗಿ ಬೆರಳಿನ ಬೆವರಿನ ಗುರುತು ಬಯಲುಸೀಮೆಯಲ್ಲಿ ಒಣಗಿ ಸುಮ್ಮನಿದ್ದರೆ, ಇಲ್ಲಿ ಹಗಲು ರಾತ್ರಿ ಒದ್ದೆಯಾಗಿಯೇ ಕೆಲಸ ಮಾಡುತ್ತಿರುತ್ತದೆ. ಚುನಾವಣೆ ಸಮಯದಲ್ಲಿ ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟ ಕೋವಿಗಳು ತುಕ್ಕು ಹಿಡಿದು ಮರಳುವುದೂ ಇದರಿಂದಲೇ. ವಾರಗಟ್ಟಲೆ ಒರೆಸುವ ಕೈ ಇರುವುದಿಲ್ಲ. ಕೊಡುವ ಮುಂಚೆ ಬೆರಳಚ್ಚು ಒರೆಸಿ, ಎಣ್ಣೆ ದಪ್ಪಕ್ಕೆ ಬಳಿದು ಕೊಡಿ. ಚರ್ಮದ ಚೀಲದೊಳಗೆ ಬಿಟ್ಟು ಮಾತ್ರ ಕೊಡಬೇಡಿ, ಚರ್ಮ ತೇವವನ್ನೂ ತನ್ನನ್ನು ಹದ ಮಾಡುವಾಗ ಸೇರಿದ ಉಪ್ಪನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕಪಾಟಿನಲ್ಲಿ ಚೀಲದೊಳಗೆ ಇಟ್ಟ ನನ್ನ ಪಟ್ಟಿ ಹೊರಗೆ ತೂಗಿದ್ದಕ್ಕಿಂತ ಮುಂಚೆ ಕಲೆ ತೋರಿಸಿತು.

ಆಟಿ

ಈ ತಿಂಗಳಿಗೆ ನಾನು ಕಾದದ್ದು ರಸ್ಟ್ ಬ್ಲೂಯಿಂಗಿಗಾಗಿ. ಉಕ್ಕಿಗೆ ಬೇಕೆಂದೇ ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿ ಆ ಕೆಂಪನ್ನು ಕಪ್ಪಾಗಿಸುವ ಹಳೆಯ ಪದ್ಧತಿ ಇದು. ಒಣ ಊರಿನವರು ಇದಕ್ಕೆ ಒದ್ದೆ ಬಟ್ಟೆ ಇಟ್ಟ ಪೆಟ್ಟಿಗೆ ಕಟ್ಟಿಕೊಳ್ಳುತ್ತಾರೆ. ನಮಗೆ ಆಟಿಯ ಜಗಲಿ ಸಾಕು.

ಜಿಡ್ಡು ತೆಗೆದ ಪಟ್ಟಿಗೆ ಆಮ್ಲದ ದ್ರಾವಣ ತೆಳ್ಳಗೆ ಒರೆಸಿ ತೂಗುಹಾಕಿದರೆ ಕೆಲವೇ ಗಂಟೆಯಲ್ಲಿ ನಯವಾದ ಕಿತ್ತಳೆ ಕೆಂಪು ಏಳುತ್ತದೆ. ಮುಟ್ಟಿದರೆ ಬೆರಳಿಗೆ ಪುಡಿ ಹತ್ತಬೇಕು, ಉಗುರಿಗೆ ಕಾಳು ಸಿಗಬಾರದು. ಅಷ್ಟು ಹೊತ್ತಿಗೆ ಸರಿಯಾಗಿ ತೆಗೆಯಬೇಕು. ಮಳೆ ಬಿಡದೆ ಹೊಡೆಯುವ ದಿನ ಪಟ್ಟಿಯ ಮೇಲೆ ನೀರೇ ಹನಿಗಟ್ಟಿ, ಹನಿ ಕೂತಲ್ಲಿ ಕಲೆ ಏಳುತ್ತದೆ. ಅಂಥ ದಿನ ಹಳೆ ಹಂಡೆಯ ಪಕ್ಕದ ಬಚ್ಚಲುಕೋಣೆಯಲ್ಲಿ, ಒಲೆಯ ಬಿಸಿ ಇರುವಲ್ಲಿ ತೂಗುಹಾಕಿದೆ. ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಕುದಿಸುವುದು. ಬಾವಿ ನೀರು ಬೇಡ, ಅದರ ಉಪ್ಪು ಚುಕ್ಕೆ ಬಿಡುತ್ತದೆ. ಕುದಿಯುವ ನೀರಿಗೆ ಇಳಿಸಿದ ಕೆಂಪು ಪಟ್ಟಿ ಕಣ್ಣೆದುರೇ ಅಂಚಿನಿಂದ ಕಪ್ಪಾಗುತ್ತಾ ಬರುವುದನ್ನು ನೋಡುತ್ತಾ ನಿಲ್ಲುವುದೇ ಒಂದು ಸುಖ. ಹೊರತೆಗೆದು, ಎಣ್ಣೆ ತೆಗೆದ ನಯವಾದ ಸ್ಟೀಲ್ ವೂಲಿನಿಂದ ಹಗುರವಾಗಿ ಉಜ್ಜಿ, ಮತ್ತೆ ದ್ರಾವಣ, ಮತ್ತೆ ಜಗಲಿ. ಸುತ್ತು ಸುತ್ತಿಗೂ ಬೂದು ಕಳೆದು ಕಪ್ಪು ಆಳವಾಗುತ್ತಾ ಹೋಯಿತು.

ಕೊನೆಗೆ ಬಂದ ನೋಟಕ್ಕೆ ಹಾಟ್ ಬ್ಲೂನ ಕನ್ನಡಿ ಹೊಳಪಿಲ್ಲ. ಹಳೆಯ ಇಂಗ್ಲಿಷ್ ಜೋಡುನಳಿಗೆ ಕೋವಿಗಳ ಮೃದುವಾದ, ನೀಲಿ ನೆರಳಿನ ಕಪ್ಪು ಅದು. ನನ್ನ ಕಣ್ಣಿಗೆ ಎಲ್ಲಕ್ಕಿಂತ ಚಂದ ಇದೇ. ಗೀರಿನ ಪಕ್ಕದಲ್ಲಿ ತುಕ್ಕು ಹರಡಿದ್ದೂ ಹಾಟ್ ಬ್ಲೂಗಿಂತ ಕಡಿಮೆ. ಜೋಡುನಳಿಗೆ ಇರುವವರಿಗೆ ಇನ್ನೊಂದು ಮಾತು. ನಳಿಗೆಗಳನ್ನು ಸೀಸದ ಬೆಸುಗೆಯಿಂದ ಜೋಡಿಸಿದ್ದರೆ ಬ್ಲ್ಯಾಕೋಡೈಸಿಂಗ್ ತೊಟ್ಟಿಗೆ ಹಾಕಲೇಬೇಡಿ, ಕುದಿಯುವ ಕಾಸ್ಟಿಕ್ ಬೆಸುಗೆಯನ್ನೇ ತಿನ್ನುತ್ತದೆ. ಅವಕ್ಕೆ ರಸ್ಟ್ ಬ್ಲೂಯಿಂಗೇ ದಾರಿ.

ಎರಡನೆಯದಾಗಿ ಸೋತದ್ದು ನಿಕ್ಕಲ್, ಇದು ಬೇಸರದ ಸಂಗತಿ. ತಂದ ದಿನ ಅದರ ಬೆಚ್ಚನೆಯ ಬಿಳಿ ಹೊಳಪು ನೋಡಿ ಮನೆಯವರೆಲ್ಲ ಅದನ್ನೇ ಆರಿಸಿದ್ದರು. ನಿಕ್ಕಲ್ ತಾನು ತುಕ್ಕು ಹಿಡಿಯುವುದಿಲ್ಲ, ಆದರೆ ಸೂಜಿಮೊನೆಯಷ್ಟು ತೂತು ಇದ್ದರೆ ಕೆಳಗಿನ ಉಕ್ಕನ್ನು ಬಲಿಕೊಟ್ಟು ತಾನು ಉಳಿಯುತ್ತದೆ. ಸತುವಿನ ನಡತೆ ಇದಕ್ಕೆ ತದ್ವಿರುದ್ಧ. ಮಲ್ಪೆಯ ಬೋಟುಗಳ ಅಡಿಗೆ ಸತುವಿನ ಗಟ್ಟಿ ಕಟ್ಟುವುದು ಅದು ತಾನು ಸವೆದು ಉಕ್ಕನ್ನು ಉಳಿಸುತ್ತದೆ ಎಂದೇ. ನನ್ನ ಪಟ್ಟಿಯ ಗೀರಿನ ಬದಿಯಲ್ಲಿ ನಿಕ್ಕಲ್ ಹಪ್ಪಳದ ಗುಳ್ಳೆಯಂತೆ ಎದ್ದಿತು. ಉಗುರಿನಿಂದ ಎಬ್ಬಿದರೆ ಅಡಿಯಲ್ಲಿ ಕಪ್ಪು ಕಂದು ನೀರು. ಗೀರಿಲ್ಲದ ಜಾಗ ಇನ್ನೂ ಹೊಸದರಂತೆ ಇದೆ. ದಪ್ಪ ಪದರವಾಗಿದ್ದರೆ ಹೆಚ್ಚು ದಿನ ನಿಲ್ಲುತ್ತಿತ್ತು, ಆದರೆ ಗೀರು ಬೀಳದ ರಿವಾಲ್ವರ್ ಎಲ್ಲುಂಟು?

ಸೋಣ

ಸ್ಟೇನ್‌ಲೆಸ್ ಬಗ್ಗೆ ಎರಡೇ ಮಾತು. 1965ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಸ್ಟೇನ್‌ಲೆಸ್ ರಿವಾಲ್ವರ್ ಮಾಡೆಲ್ 60 ಬಂದಾಗಿನಿಂದ ತುಕ್ಕಿಗೆ ಅದೇ ಉತ್ತರ ಎಂಬ ನಂಬಿಕೆ ಉಂಟು. 416ಕ್ಕೆ ಕಡಿತ ಸುಲಭವಾಗಲೆಂದು ಗಂಧಕ ಸೇರಿಸಿರುತ್ತಾರೆ, ಉಪ್ಪಿನೆದುರು ಅದೇ ಅದರ ದೌರ್ಬಲ್ಯ. ಪಟ್ಟಿಯಲ್ಲಿ ಟೀಪುಡಿಯಂಥ ಕಂದು ಚುಕ್ಕೆ ಎದ್ದಿದೆ. ಒರೆಸಿದರೆ ಹೋಗುತ್ತದೆ, ಒರೆಸಲೇಬೇಕು.

ಹಾರ್ಡ್ ಕ್ರೋಮನ್ನು ಚರ್ಮದಿಂದ ಎಷ್ಟು ಉಜ್ಜಿದರೂ ಸವೆಯಲಿಲ್ಲ. ಆದರೆ ಅದರೊಳಗೆ ಕಣ್ಣಿಗೆ ಕಾಣದ ಬಿರುಕುಗಳ ಜಾಲವೇ ಇರುತ್ತದೆ, ಬ್ಲಾಸ್ಟ್ ಮಾಡಿದ ಅರ್ಧದಲ್ಲಿ ಅಲ್ಲಲ್ಲಿ ಹಳದಿ ಕಲೆ ಮೂಡಿದೆ. ಮೊದಲು ಹೇಳಿದ ಎಣಿಸದಷ್ಟು ಚೆನ್ನಾಗಿ ನಿಂತ ಪಟ್ಟಿ ನೈಟ್ರೈಡಿಂಗಿನದ್ದು, ಗ್ಲಾಕ್ ಪಿಸ್ತೂಲಿನವರು ಟೆನಿಫರ್ ಎಂಬ ಹೆಸರಿನಲ್ಲಿ ಪ್ರಸಿದ್ಧಿಗೆ ತಂದ ಜಾತಿಯದ್ದು. ಸಾರಜನಕ ಮತ್ತು ಇಂಗಾಲ ಉಕ್ಕಿನೊಳಗೇ ಇಳಿಯುವುದರಿಂದ ಸಿಪ್ಪೆ ಏಳುವ ಪ್ರಶ್ನೆಯೇ ಇಲ್ಲ. ಗೀರಿನೊಳಗೆ ಮಾತ್ರ ತುಕ್ಕು, ಪಕ್ಕಕ್ಕೆ ಹರಡಿಲ್ಲ. ನೋಟ ಮಾತ್ರ ಜೀವವಿಲ್ಲದ ಬೂದುಗಪ್ಪು. ಮೊದಲೇ ಕಾಯಿಸಿ ಉಕ್ಕಿನ ಹದ ಮಾಡಿ ಮುಗಿದ ಹಳೆಯ ರಿವಾಲ್ವರನ್ನು 580 ಡಿಗ್ರಿಗೆ ಒಡ್ಡುವುದು ನನಗೆ ಒಪ್ಪಿಗೆ ಇಲ್ಲ, ಹಾಗಾಗಿ ಚಿಕ್ಕಪ್ಪನಿಗೆ ಇದು ದಕ್ಕದು.

ಉಳಿದದ್ದು ಫಾಸ್ಫೇಟ್ ಮತ್ತು ಕಾಯಿಸುವ ಪೇಂಟ್. ಎರಡನೇ ಮಹಾಯುದ್ಧದ ಅಮೆರಿಕನ್ ಪಿಸ್ತೂಲುಗಳಿಗೆ ಹಾಕಿದ್ದ ಪಾರ್ಕರೈಸಿಂಗ್ ಈ ಫಾಸ್ಫೇಟೇ. ಭೂತಗನ್ನಡಿಯಲ್ಲಿ ನೋಡಿದರೆ ಒತ್ತೊತ್ತಾಗಿ ಹರಳು, ಹರಳಿನ ನಡುವೆ ಎಣ್ಣೆ. ಎಣ್ಣೆ ಕುಡಿದ ಪಟ್ಟಿ ಆಟಿ ದಾಟಿತು, ತೊಳೆದ ಪಟ್ಟಿ ಒಂದು ವಾರವೂ ತಡೆಯಲಿಲ್ಲ. ಸೆರಾಮಿಕ್ ಪೇಂಟಿಗೆ ಎಣ್ಣೆಯ ಹಂಗಿಲ್ಲ, ಆದರೆ ಚೂಪು ಮೂಲೆಯಲ್ಲಿ ಉಜ್ಜಿದರೆ ಬಿಳಿ ಕಂಡಿತು. ದುಂಡಗೆ ಮಾಡಿದ ಮೂಲೆ ಹಾಗೇ ಇದೆ. ಹೆಚ್ಚಿನ ಪಟ್ಟಿಗಳಲ್ಲಿ ಸೋಲು ಶುರುವಾದದ್ದು ಸಪಾಟಿನಲ್ಲಲ್ಲ, ಮೂಲೆ ಮತ್ತು ಗೀರಿನಲ್ಲಿ. ಅಂಗಡಿಯಲ್ಲಿ ಸಪಾಟಿನ ಹೊಳಪು ನೋಡಿ ಫಿನಿಶ್ ಆರಿಸುವುದು ವ್ಯರ್ಥ ಅನ್ನುವುದು ಇದರಿಂದ.

ಎರಡನ್ನೂ ಒಂದರ ಮೇಲೊಂದು ಹಾಕುವ ಪದ್ಧತಿ ಬ್ರಿಟಿಷ್ ಸೈನ್ಯದ್ದು: ಅಡಿಗೆ ಫಾಸ್ಫೇಟ್, ಮೇಲೆ ಕಾಯಿಸಿದ ಪೇಂಟ್. ಪೇಂಟ್ ಸವೆದರೂ ಕೆಳಗೆ ಬೋಳು ಉಕ್ಕಿರುವುದಿಲ್ಲ. ಚಿಕ್ಕಪ್ಪನ ರಿವಾಲ್ವರಿಗೆ ನಾನು ಗನ್‌ಸ್ಮಿತ್‌ಗೆ ಹೇಳುವುದು ಇದನ್ನೇ, ಒಂದು ಷರತ್ತಿನೊಂದಿಗೆ. ಸಿಲಿಂಡರಿನ ಮುಖಕ್ಕೂ ನಳಿಗೆಯ ಹಿಂಬದಿಗೂ ನಡುವಿನ ಸಂದು ಸಾಮಾನ್ಯವಾಗಿ 0.15 ಮಿಲಿಮೀಟರ್ ಆಸುಪಾಸು. ಎರಡೂ ಮುಖಕ್ಕೆ 25 ಮೈಕ್ರಾನ್ ಪೇಂಟ್ ಕೂತರೆ ಸಂದಿನ ಮೂರನೇ ಒಂದು ಪಾಲು ಹೋಯಿತು. ಹಾಗಾಗಿ ಅಲ್ಲಿಯೂ ಒಳಭಾಗಕ್ಕೂ ಫಾಸ್ಫೇಟ್ ಮತ್ತು ಎಣ್ಣೆ ಮಾತ್ರ, ಹೊರಮೈಗೆ ಮಾತ್ರ ಪೇಂಟ್.

ಈ ಜೋಡಿ ಫಿನಿಶ್‌ನ ಹೊಸ ಪಟ್ಟಿಗಳು ತಯಾರಾಗುತ್ತಿವೆ. ಒಂದು ಸೆಟ್ ಇಲ್ಲಿ, ಇನ್ನೊಂದು ಮಲ್ಪೆ ಬಂದರಿನ ಪಕ್ಕ ಬೋಟು ಎಂಜಿನ್ ರಿಪೇರಿ ಮಾಡುವ ಭಾವನ ಶೆಡ್ಡಿನಲ್ಲಿ. ಎರಡನ್ನೂ ದೀಪಾವಳಿವರೆಗೆ ಇಳಿಸುವುದಿಲ್ಲ.