‘ಮೂಲ ಎಲ್ಲಿಯವರು?’ ಎಂದು ಕೇಳುವವರಿಗೆ

ಕಾರವಾರದ ನಮ್ಮ ಬೇಕರಿಗೆ ಉಂಡೊ (ಗೋವಾದ ದುಂಡನೆಯ ಬ್ರೆಡ್ಡು) ಕೊಳ್ಳಲು ಬರುವವರು ಚಿಲ್ಲರೆ ಎಣಿಸುತ್ತಲೇ ಕೇಳುತ್ತಾರೆ: ‘ನೀವು ಮೂಲ ಎಲ್ಲಿಯವರು?’ ಕಾರವಾರದವನೇ ಎಂದರೆ ಸಾಲದು, ‘ಅದಲ್ಲ, ಮೂಲ?’ ಎಂದು ಮತ್ತೆ ಕೆದಕುತ್ತಾರೆ. ಹೇಳಿ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ. 1961ರಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೆ, ಇಲ್ಲಿ ಕಾಳಿ ನದಿಗೆ ಸೇತುವೆಯೇ ಇಲ್ಲದಿದ್ದ ಕಾಲದಲ್ಲಿ, ಗೋವಾದ ಕಾಣಕೋಣದಿಂದ ಹೊರಟು ದೋಣಿಯಲ್ಲಿ ನದಿ ದಾಟಿ ಬಂದವರು ನನ್ನ ಅಪ್ಪ. ಅಮ್ಮ ಶಿರಸಿಯವರು. ನಾನು ಹುಟ್ಟಿದ್ದು, ಕನ್ನಡ ಶಾಲೆಗೆ ಹೋದದ್ದು, ಭಟ್ಟಿ ಹಚ್ಚಲು ಕಲಿತದ್ದು ಎಲ್ಲವೂ ಇಲ್ಲಿಯೇ.

ಒಮ್ಮೆ ರಾಜ್ಯೋತ್ಸವದ ಬೆಳಿಗ್ಗೆ ಮಕ್ಕಳಿಗೆ ಹಂಚಲು ಬನ್ನು ಒಯ್ಯಲು ಬಂದ ಹಿರಿಯರೊಬ್ಬರು, ‘ಗೋವಾದವರಾದರೂ ಕನ್ನಡ ಚೆನ್ನಾಗಿ ಮಾತಾಡ್ತೀರಿ’ ಎಂದು ಮೆಚ್ಚಿಕೊಂಡರು. ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೆ ಆ ‘ಆದರೂ’ ನನಗೆ ಇಂದಿಗೂ ಚುಚ್ಚುತ್ತದೆ. ಅವರ ಬಾಲ್ಯದಲ್ಲಿ, 1956ರ ತನಕ, ಈ ಜಿಲ್ಲೆಯೇ ಮುಂಬಯಿ ರಾಜ್ಯದಲ್ಲಿತ್ತು. ಅವರನ್ನು ಯಾರೂ ‘ಮುಂಬಯಿಯವರಾದರೂ’ ಎಂದು ಹೊಗಳುವುದಿಲ್ಲ. ಅತ್ತ ಕಾಣಕೋಣದ ನೆಂಟರ ಮನೆಯಲ್ಲಿ ಓರಗೆಯ ಮಕ್ಕಳು ನನ್ನನ್ನು ‘ಘಾಂಟಿ’ (ಘಟ್ಟದ ಮೇಲಿನವನು) ಎಂದು ಹೀಗಳೆದು ಕರೆಯುತ್ತಿದ್ದರು. ಅಮ್ಮನಿಗೆ ಕೇಳಿಸಿತೇನೋ ಎಂಬುದೊಂದೇ ಆಗ ನನ್ನ ಭಯ.

ಮೂಲ ಬಿಟ್ಟು, ಉಂಡೊ ಹೇಗೆ ಬೇಯುತ್ತದೆ ಎಂದು ಕೇಳಿ. ಒಳಗೆ ಕರೆದು ತೋರಿಸುತ್ತೇನೆ. ಅಜ್ಜನ ಕಾಲದಲ್ಲಿ ತೆಂಗಿನ ಶೇಂದಿ ಹಾಕಿ ಹಿಟ್ಟು ಹುದುಗಿಸುತ್ತಿದ್ದರು. ಶೇಂದಿ ಇಳಿಸುವವರು ಕಡಿಮೆಯಾದಂತೆ ಅಪ್ಪ ಯೀಸ್ಟ್ ಹಿಡಿದರು. ಸೌದೆ ಉರಿದು ಭಟ್ಟಿ ಕಾದ ಮೇಲೆ ಕೆಂಡವನ್ನು ಎಳೆದು, ನೆಲವನ್ನು ಒದ್ದೆ ಗೋಣಿಯಿಂದ ಒರೆಸಿ, ಅದರ ಮೇಲೆ ಒಂದು ಚಿಟಿಕೆ ಮೈದಾ ಎರಚಿ ನೋಡಬೇಕು. ಕೂಡಲೇ ಕಪ್ಪಾದರೆ ಇನ್ನಷ್ಟು ಹೊತ್ತು ಕಾಯಬೇಕು. ನಿಧಾನವಾಗಿ ಕಂದುಬಣ್ಣಕ್ಕೆ ತಿರುಗಿದರೆ ಉಂಡೊಗಳನ್ನು ಒಳಗೆ ಸರಿಸಬಹುದು. ಇದನ್ನು ಅಪ್ಪ ಕೊಂಕಣಿಯಲ್ಲಿ ಕಲಿಸಿದ್ದರಿಂದ ಭಟ್ಟಿಯ ಎದುರು ನನ್ನ ಬಾಯಿಗೆ ಬರುವುದು ಕೊಂಕಣಿಯೇ. ಲೆಕ್ಕದ ಪುಸ್ತಕವನ್ನು ಅಮ್ಮ ಬರೆಯುತ್ತಿದ್ದರಾದ್ದರಿಂದ ಉದ್ರಿ ಕೂಡಿಸುವಾಗ ಎಣಿಕೆ ಕನ್ನಡದಲ್ಲೇ ಸಾಗುತ್ತದೆ. ಎರಡರಲ್ಲಿ ಒಂದನ್ನು ಬಿಟ್ಟರೆ ಈ ಅಂಗಡಿ ನಡೆಯದು.

ಮೊದಲ ಹಬೆಯಾಡುವ ಉಂಡೊವನ್ನು ಅಮ್ಮ ಸೀಳಿ, ಶಿರಸಿಯಿಂದ ತರಿಸಿದ ಜೋನಿಬೆಲ್ಲ ಸುರಿದು ಅಪ್ಪನ ಕೈಗಿಡುತ್ತಿದ್ದರು. ಇಬ್ಬರೂ ಈಗಿಲ್ಲ. ಜೋನಿಬೆಲ್ಲದ ಡಬ್ಬಿ ಮಾತ್ರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ. ಬೆಳಿಗ್ಗೆ ಆರರೊಳಗೆ ಬಂದವರಿಗೆ ಬಿಸಿ ಉಂಡೊದ ಮೇಲೆ ಒಂದು ಚಮಚ ಹಾಕಿ ಕೊಡುತ್ತೇನೆ.